ಗೋಂಡಿಯ ಆಖ್ಯಾತ ರೂಪಗಳು: ನಾಗಪುರ ಪ್ರದೇಶದ ವ್ಯಾಕರಣ ದಾಖಲೆಗಳ ಒಂದು ಪರಿಶೀಲನೆ

ನಾಗಪುರವನ್ನು ಇಂದು ಮರಾಠಿ ಮತ್ತು ಹಿಂದಿ ಮಾತಿನ ನಗರವೆಂದೇ ಎಲ್ಲರೂ ಬಲ್ಲರು. ಆದರೆ 18ನೆಯ ಶತಮಾನದ ಆರಂಭದಲ್ಲಿ ಈ ನಗರವನ್ನು ನೆಲೆಗೊಳಿಸಿದವನು ದೇವಗಡದ ಗೋಂಡ ಅರಸು ಬಖ್ತ್ ಬುಲಂದ್. ಅವನ ಪ್ರಜೆಗಳಲ್ಲಿ ಬಹುಭಾಗದ ಮನೆಮಾತು ಗೋಂಡಿ. ಅದು ಕನ್ನಡದ ದೂರದ ದಾಯಾದಿ. ನಗರದ ಉತ್ತರಕ್ಕೆ ಛಿಂದ್ವಾಡಾ, ಬೇತೂಲ್, ಸಿವನಿ, ದಕ್ಷಿಣಕ್ಕೆ ಚಂದ್ರಪುರ, ಗಡಚಿರೋಲಿ ಜಿಲ್ಲೆಗಳಲ್ಲಿ ಆ ಭಾಷೆ ಇಂದಿಗೂ ಜೀವಂತವಾಗಿದೆ. 2011ರ ಜನಗಣತಿಯಲ್ಲಿ ಗೋಂಡಿ ತಮ್ಮ ಮಾತೃಭಾಷೆಯೆಂದು ಹೇಳಿದವರ ಸಂಖ್ಯೆ ಸುಮಾರು 29.8 ಲಕ್ಷ. ಇಷ್ಟು ಜನರ ಭಾಷೆಯ ಕ್ರಿಯಾಪದವು ಕನ್ನಡ ವಿಭಾಗಗಳ ತೌಲನಿಕ ಪಾಠದಲ್ಲಿ ಸಾಮಾನ್ಯವಾಗಿ ಒಂದೆರಡು ಉದಾಹರಣೆಗಳಿಗೆ ಮುಗಿದುಹೋಗುತ್ತದೆ. ತಮಿಳು, ತೆಲುಗುಗಳಿಗೆ ಸಲ್ಲುವ ಗಮನ ಅದಕ್ಕೆ ಸಂದಿಲ್ಲ. ಕನ್ನಡದ ಆಖ್ಯಾತವನ್ನು ಕುರಿತ ಕೆಲವು ಪ್ರಶ್ನೆಗಳು ಗೋಂಡಿಯ ಬೆಳಕಿನಲ್ಲಿ ಸ್ಪಷ್ಟವಾಗುತ್ತವೆ ಎಂಬುದರಿಂದ ಈ ಉಪೇಕ್ಷೆ ಕನ್ನಡಕ್ಕೇ ಆದ ನಷ್ಟ.

ಗೋಂಡಿಯ ಕ್ರಿಯಾರೂಪಗಳನ್ನು ಮೊದಲು ಬರೆದಿಟ್ಟವರು ಗೋಂಡಿ ಭಾಷಿಕರಲ್ಲ, ಕೇಶಿರಾಜನ ಮಾರ್ಗವನ್ನು ಅರಿತವರೂ ಅಲ್ಲ. ಅವರು ಲ್ಯಾಟಿನ್ ವ್ಯಾಕರಣವನ್ನು ಕಂಠಪಾಠ ಮಾಡಿ ಬೆಳೆದ ಯುರೋಪಿಯನ್ನರು. ಆದುದರಿಂದ ಆ ದಾಖಲೆಗಳನ್ನು ಓದುವ ಮೊದಲು ಅವರ ಕೈಯಲ್ಲಿದ್ದ ಅಚ್ಚು ಯಾವುದೆಂದು ತಿಳಿಯಬೇಕಾಗುತ್ತದೆ. ಲ್ಯಾಟಿನ್ ಈಗ ಆಡುಮಾತಲ್ಲ. ಅದರ ನೇರ ಸಂತತಿಯಾದ ಇಟಾಲಿಯನ್ ಭಾಷೆಯ ಶಾಲಾ ವ್ಯಾಕರಣದಲ್ಲಿ ಆ ಅಚ್ಚು ಹೆಚ್ಚುಕಡಿಮೆ ಹಾಗೆಯೇ ಉಳಿದುಬಂದಿದೆ. ಇಟಾಲಿಯನ್ನಿನಲ್ಲಿ ಕ್ರಮಬದ್ಧ ಕ್ರಿಯೆಗಳನ್ನು ಭಾವರೂಪದ ಅಂತ್ಯವನ್ನು ನೋಡಿ ಮೂರು ಗಣಗಳಾಗಿ ವಿಂಗಡಿಸುತ್ತಾರೆ: 'ಪಾರ್ಲಾರೆ' (ಮಾತಾಡು) ಎಂಬಂತಹ 'ಆರೆ' ಅಂತ್ಯದವು, 'ಕ್ರೇದೆರೆ' (ನಂಬು) ಎಂಬಂತಹ 'ಎರೆ' ಅಂತ್ಯದವು, 'ದೊರ್ಮೀರೆ' (ಮಲಗು) ಎಂಬಂತಹ 'ಈರೆ' ಅಂತ್ಯದವು. ಈ ಅಂತ್ಯವನ್ನು ತೆಗೆದು ಉಳಿದ ಪ್ರಕೃತಿಗೆ ಪುರುಷ ಹಾಗೂ ವಚನದ ಪ್ರತ್ಯಯಗಳನ್ನು ಸೇರಿಸಿದರೆ ಪಾರ್ಲೊ, ಪಾರ್ಲಿ, ಪಾರ್ಲಾ, ಪಾರ್ಲ್ಯಾಮೊ, ಪಾರ್ಲಾತೆ, ಪಾರ್ಲನೊ ಎಂದು ವರ್ತಮಾನದ ಆರು ರೂಪಗಳು ದೊರೆಯುತ್ತವೆ. ಪ್ರತ್ಯಯವೇ ಪುರುಷವನ್ನು ತಿಳಿಸುವುದರಿಂದ ಸರ್ವನಾಮ ಬೇಕಾಗುವುದಿಲ್ಲ; 'ಬಂದೆನು' ಎಂದರೆ ಬಂದವರು ಯಾರೆಂದು ಕನ್ನಡಿಗರು ಕೇಳುವುದಿಲ್ಲವಷ್ಟೆ, ಹಾಗೆ. ಇಟಾಲಿಯನ್ ವ್ಯಾಕರಣಗಳು ಇಂತಹ ರೂಪಗಳನ್ನು ಏಳು ಅರ್ಥಗಳಲ್ಲಿ ಹಂಚುತ್ತವೆ: ನಿಶ್ಚಯ, ಸಂಶಯ, ನಿಬಂಧನೆ, ವಿಧಿ ಎಂಬ ನಾಲ್ಕು ಪುರುಷಬದ್ಧ ಅರ್ಥಗಳು, ಭಾವರೂಪ, ವಿಶೇಷಣರೂಪ, ಅವ್ಯಯರೂಪ ಎಂಬ ಮೂರು ಪುರುಷರಹಿತ ಅರ್ಥಗಳು. ನಿಶ್ಚಯಾರ್ಥ ಒಂದರಲ್ಲೇ ಎಂಟು ಕಾಲಗಳು, ಸಂಶಯಾರ್ಥದಲ್ಲಿ ನಾಲ್ಕು, ನಿಬಂಧನೆಯಲ್ಲಿ ಎರಡು.

ಈ ಬಗೆಯ ಕೋಷ್ಟಕ ದ್ರಾವಿಡ ಭಾಷೆಗಳಿಗೆ ಹೊಸತೇನಲ್ಲ. ಇಟಲಿಯವನೇ ಆದ ಜೆಸ್ವಿಟ್ ಪಾದ್ರಿ ಬೆಸ್ಕಿ ಲ್ಯಾಟಿನ್ನಿನಲ್ಲಿ ಬರೆದ ಆಡುದಮಿಳಿನ ವ್ಯಾಕರಣ 1738ರಲ್ಲಿ ತರಂಗಂಬಾಡಿಯಲ್ಲಿ ಅಚ್ಚಾಯಿತು. ಕನ್ನಡಕ್ಕೆ ವಿಲಿಯಂ ಕೇರಿಯ ವ್ಯಾಕರಣ 1817ರಲ್ಲಿ ಸೆರಾಂಪುರದಿಂದ ಹೊರಬಂದಿತು. ಆದರೆ ತಮಿಳು, ಕನ್ನಡಗಳಲ್ಲಿ ಇಂತಹ ಕೋಷ್ಟಕಕ್ಕೆ ಎದುರಾಗಿ ನಿಲ್ಲಬಲ್ಲ ದೇಶೀಯ ಶಾಸ್ತ್ರವಿತ್ತು. 13ನೆಯ ಶತಮಾನದ ಶಬ್ದಮಣಿದರ್ಪಣವೂ 1604ರ ಕರ್ಣಾಟಕ ಶಬ್ದಾನುಶಾಸನವೂ ಇದ್ದಾಗ ವಿದೇಶೀ ಅಚ್ಚು ತನ್ನಿಷ್ಟಕ್ಕೆ ಭಾಷೆಯನ್ನು ಎರಕ ಹೊಯ್ಯಲಾರದು. ಕಿಟೆಲ್ ತನ್ನ 1903ರ ವ್ಯಾಕರಣದಲ್ಲಿ ಕೇಶಿರಾಜನನ್ನು ಹೆಜ್ಜೆಹೆಜ್ಜೆಗೂ ಕೇಳಿಕೊಂಡೇ ಮುಂದುವರಿದ. ಗೋಂಡಿಗೆ ಅಂತಹ ಕಾವಲಿರಲಿಲ್ಲ.

ಗೋಂಡಿಯ ಮೊದಲ ದಾಖಲೆಗಳಲ್ಲಿ ಒಂದು, ನರ್ಮದಾ ಪ್ರದೇಶದ ಗೋಂಡರನ್ನು ಕುರಿತು ಡ್ರಿಬರ್ಗ್ ಮತ್ತು ಹ್ಯಾರಿಸನ್ 1849ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ ವೃತ್ತಾಂತ. ಅದರೊಡನೆ ಒಂದು ವ್ಯಾಕರಣವೂ ಪದಪಟ್ಟಿಯೂ ಇವೆ. ನಾಗಪುರದಲ್ಲಿಯೇ ನೆಲೆಸಿದ್ದ ಸ್ಕಾಟ್ಲೆಂಡಿನ ಮಿಷನರಿ ಸ್ಟೀಫನ್ ಹಿಸ್ಲಾಪ್ ಮಾಡಿದ ಕೆಲಸ ಬೇರೆ ತರಹದ್ದು. ಅವನು ವ್ಯಾಕರಣ ಬರೆಯಲಿಲ್ಲ. ಗೋಂಡರ ಗಾಯಕರಾದ ಪರಧಾನರಿಂದ ಲಿಂಗೋ ಎಂಬ ಕುಲಪುರುಷನ ದೀರ್ಘ ಹಾಡನ್ನು ಗೋಂಡಿಯಲ್ಲಿಯೇ ಬರೆದುಕೊಂಡು, ಪದಪದಕ್ಕೂ ಅರ್ಥ ಹಚ್ಚಿದ. 1863ರಲ್ಲಿ ನಾಗಪುರದ ದಕ್ಷಿಣಕ್ಕಿರುವ ಟಾಕಳಘಾಟದ ಶಿಲಾವೃತ್ತಗಳನ್ನು ನೋಡಲು ಹೋಗಿ ಹಿಂದಿರುಗುವಾಗ ತೊರೆಯಲ್ಲಿ ಮುಳುಗಿ ತೀರಿಕೊಂಡ. ಅವನ ಕಾಗದಪತ್ರಗಳನ್ನು ರಿಚರ್ಡ್ ಟೆಂಪಲ್ 1866ರಲ್ಲಿ ಪ್ರಕಟಿಸಿದ. ವ್ಯಾಕರಣದ ಕೋಷ್ಟಕದಲ್ಲಿರುವ ರೂಪ ಬೇರೆ, ಕಥನದ ಓಟದಲ್ಲಿ ಬರುವ ರೂಪ ಬೇರೆ. ಹಿಸ್ಲಾಪನ ಹಾಡಿಗೆ ಇರುವ ಬೆಲೆ ಈ ಕಾರಣದಿಂದ. ಮುಂದೆ 1906ರಲ್ಲಿ ಭಾರತದ ಭಾಷಾ ಸಮೀಕ್ಷೆಯ ನಾಲ್ಕನೆಯ ಸಂಪುಟದಲ್ಲಿ ಸ್ಟೆನ್ ಕೊನೊ ಗೋಂಡಿಯ ಉಪಭಾಷೆಗಳ ಮಾದರಿಗಳನ್ನು ಕೊಟ್ಟ. ಚೆನೆವಿಕ್ಸ್ ಟ್ರೆಂಚ್ 1919 ಮತ್ತು 1921ರಲ್ಲಿ ಎರಡು ಸಂಪುಟಗಳಲ್ಲಿ ಬೇತೂಲ್ ಜಿಲ್ಲೆಯ ಗೋಂಡಿಯ ವ್ಯಾಕರಣ, ಶಬ್ದಸಂಗ್ರಹ ಹಾಗೂ ಕಥೆಗಳನ್ನು ಹೊರತಂದ. ವರ್ಣನಾತ್ಮಕ ಭಾಷಾಶಾಸ್ತ್ರದ ಕ್ರಮದಲ್ಲಿ ರಚಿತವಾದ ವ್ಯಾಕರಣಕ್ಕೆ 1968ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯ ಪ್ರಕಟಿಸಿದ ಪಿ. ಎಸ್. ಸುಬ್ರಹ್ಮಣ್ಯಂ ಅವರ ಕೃತಿಯವರೆಗೆ ಕಾಯಬೇಕಾಯಿತು.

ಕಾಲ್ಡ್‌ವೆಲ್ ತನ್ನ ತೌಲನಿಕ ವ್ಯಾಕರಣದಲ್ಲಿ ಗೋಂಡಿಯ ಆಖ್ಯಾತವು ತಮಿಳಿನದಕ್ಕಿಂತ ವಿಸ್ತಾರವಾದುದೆಂದು ಗುರುತಿಸಿದ್ದಾನೆ. ತಮಿಳಿನ ನಿಶ್ಚಯಾರ್ಥದಲ್ಲಿ ಮೂರು ಕಾಲಗಳಿದ್ದರೆ ಗೋಂಡಿಯಲ್ಲಿ ಅವಕ್ಕಿಂತ ಹೆಚ್ಚು. ಸಂಶಯಾರ್ಥದಲ್ಲಿ ತಮಿಳಿಗೆ ಪುರುಷಬದ್ಧ ರೂಪಗಳೇ ಇಲ್ಲ, ಗೋಂಡಿಗೆ ಇವೆ ಎಂಬುದು ಅವನ ಲೆಕ್ಕ. ಲಿಖಿತ ಸಾಹಿತ್ಯವಿಲ್ಲದ ಭಾಷೆಯೊಂದು ಚೆನ್ದಮಿಳಿಗಿಂತ ಹೆಚ್ಚಿನ ಕಾಲಗಳನ್ನೂ ಅರ್ಥಗಳನ್ನೂ ಪಡೆದಿರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ರೂಪಗಳನ್ನೇ ನೋಡುವುದು ಒಳ್ಳೆಯದು.

ಕನ್ನಡಿಗರಿಗೆ ಸುಲಭವಾಗಿ ಹತ್ತಿರವಾಗುವ ಗೋಂಡಿ ಧಾತು 'ಕೀ', ಅಂದರೆ ಮಾಡು. ಇದು ಹಳಗನ್ನಡದ 'ಗೆಯ್', ತಮಿಳಿನ 'ಚೆಯ್', ತೆಲುಗಿನ 'ಚೇಯು' ಇವುಗಳ ಸಜ್ಞಾತಿ. 'ಗೆಯ್ಮೆ' ಎಂಬ ಮಾತಿನಲ್ಲಿ ಅದು ಇಂದಿಗೂ ಕನ್ನಡದ ಹೊಲಗಳಲ್ಲಿ ಉಳಿದಿದೆ. ಗೋಂಡಿ ನಿಘಂಟುಗಳಲ್ಲಿ ಇದನ್ನು 'ಕೀಯಾನಾ' ಎಂದು ಕೊಡುತ್ತಾರೆ. ಧಾತುವನ್ನೇ ಶೀರ್ಷಿಕೆಯಾಗಿ ಕೊಡುವ ಕನ್ನಡದ ಪದ್ಧತಿಗೆ ಇದು ಹೊರತು; ಇಟಾಲಿಯನ್ನಿನ 'ಪಾರ್ಲಾರೆ'ಯಂತೆ, ನೆರೆಯ ಮರಾಠಿಯ 'ಕರಣೇ'ಯಂತೆ ಭಾವರೂಪವನ್ನು ಮುಂದಿಡುವ ಪದ್ಧತಿ. ಆದರೆ ಇಟಾಲಿಯನ್ನಿನಲ್ಲಿ ಇರುವಂತೆ ಗೋಂಡಿಯಲ್ಲಿ ಈ ಅಂತ್ಯವು ಗಣವನ್ನು ಸೂಚಿಸುವುದಿಲ್ಲ. ಎಲ್ಲ ಕ್ರಿಯೆಗಳಿಗೂ 'ಆನಾ' ಒಂದೇ.

ಉತ್ತರ ಗೋಂಡಿಯ ದಾಖಲೆಗಳಲ್ಲಿ ಭೂತಕಾಲದ ರೂಪಗಳು 'ಕೀತಾನ್' (ಮಾಡಿದೆನು), 'ಕೀತೀ' (ಮಾಡಿದೆ), 'ಕೀತುರ್' (ಮಾಡಿದನು) ಎಂದಿವೆ. ಇಲ್ಲಿ ಭೂತಸೂಚಕ 'ತ'ಕಾರವು ಹಳಗನ್ನಡದ 'ಗೆಯ್ದೆಂ' ಎಂಬಲ್ಲಿನ 'ದ'ಕಾರಕ್ಕೆ ಸಮನಾದುದೆಂಬುದು ನೋಡಿದೊಡನೆ ಹೊಳೆಯುತ್ತದೆ. ಭವಿಷ್ಯತ್ತಿನಲ್ಲಿ 'ಕೀಕಾ' (ಮಾಡುವೆನು), 'ಕೀಕೀ' (ಮಾಡುವೆ) ಎಂದು ಉತ್ತಮ, ಮಧ್ಯಮ ಪುರುಷಗಳಲ್ಲಿ 'ಕ'ಕಾರ ಬರುತ್ತದೆ. ಪ್ರಥಮ ಪುರುಷದಲ್ಲಿ ಅದು ಇಲ್ಲವಾಗಿ 'ಕೀಯಾನುರ್', 'ಕೀಯಾರ್' ಎಂಬ ಬೇರೆಯೇ ರಚನೆ ಕಾಣಿಸುತ್ತದೆ. ಒಂದೇ ಕಾಲಕ್ಕೆ ಪುರುಷಭೇದದಿಂದ ಎರಡು ಸೂಚಕಗಳು ಇರುವುದು ಕನ್ನಡದ ವಿದ್ಯಾರ್ಥಿಗೆ ವಿಚಿತ್ರವೆನಿಸಬಹುದು. ಆದರೆ ಪ್ರಾಚೀನ ತಮಿಳಿನಲ್ಲಿ 'ಚೆಯ್‌ಕು' (ಮಾಡುವೆನು) ಎಂದು ಉತ್ತಮಪುರುಷದಲ್ಲಿ 'ಕು' ಬರುವುದನ್ನು ನೆನೆದರೆ ಗೋಂಡಿಯ 'ಕ'ಕಾರವು ಮರಾಠಿಯಿಂದಲೋ ಹಿಂದಿಯಿಂದಲೋ ಬಂದ ಎರವಲಲ್ಲ, ಬಹು ಹಳೆಯ ಸ್ವತ್ತು ಎಂಬುದು ತಿಳಿಯುತ್ತದೆ. ಹಳಗನ್ನಡದ 'ಮಾಳ್ಕೆ', 'ಬಾಳ್ಗೆ' ಎಂಬ ವಿಧ್ಯರ್ಥದ 'ಕೆ, ಗೆ' ಪ್ರತ್ಯಯವನ್ನು ಇದರೊಡನೆ ಇಟ್ಟು ನೋಡಬೇಕೆಂಬ ಆಸೆ ಸಹಜ. ಆಗದ್ದನ್ನು ನುಡಿಯುವ ಭವಿಷ್ಯತ್ತೂ ಆಗಲೆಂದು ಬಯಸುವ ವಿಧಿಯೂ ಅರ್ಥದಲ್ಲಿ ನೆರೆಹೊರೆಯವೇ. ಆದರೂ ಧ್ವನಿಸಾಮ್ಯ ಒಂದನ್ನೇ ನಂಬಿ ಸಂಬಂಧ ಕಟ್ಟುವುದು ಅವಸರದ ಕೆಲಸವಾದೀತು.

ಕಾಲ್ಡ್‌ವೆಲ್ ಕಂಡ 'ಹೆಚ್ಚಿನ' ಕಾಲಗಳ ಗುಟ್ಟು ಬಹುಮಟ್ಟಿಗೆ ಇನ್ನೆರಡು ರೂಪಗಳಲ್ಲಿದೆ. ಒಂದು, 'ಕೀಂದಾನ್' ಎಂಬುದು. ಇದಕ್ಕೆ 'ಮಾಡುತ್ತಿದ್ದೆನು' ಎಂಬ ಅರ್ಥ. ಎರಡನೆಯದು 'ಕೀತೋನಾ', ಇದಕ್ಕೆ 'ಮಾಡಿದ್ದೇನೆ' ಎಂಬ ಅರ್ಥ. ಲ್ಯಾಟಿನ್ ಕೋಷ್ಟಕವನ್ನು ಹಿಡಿದು ಬಂದ ವ್ಯಾಕರಣಕಾರನಿಗೆ ಮೊದಲನೆಯದು ಅಪೂರ್ಣ ಭೂತ, ಎರಡನೆಯದು ಪೂರ್ಣ ಭೂತ ಎಂದು ಕಂಡಿತು. ಅವನ ಎರಡು ಮನೆಗಳು ತುಂಬಿದವು. ಕನ್ನಡದಲ್ಲಿ ಈ ಎರಡು ಅರ್ಥಗಳೂ ಇವೆ. ಕೊರತೆ ಅರ್ಥದ್ದಲ್ಲ, ಪದದ ಎಲ್ಲೆಯದು. ಕನ್ನಡವು 'ಮಾಡುತ್ತ' ಎಂಬುದಕ್ಕೂ 'ಮಾಡಿ' ಎಂಬುದಕ್ಕೂ 'ಇರು' ಧಾತುವನ್ನು ಹೊಂದಿಸಿ ಹೇಳಿದ್ದನ್ನು ಗೋಂಡಿ ಒಂದೇ ಪ್ರಕೃತಿಯ ಮೇಲೆ ಪ್ರತ್ಯಯಗಳಿಂದ ಹೇಳುತ್ತದೆ. ದೇಶೀಯ ವೈಯಾಕರಣರು 'ಮಾಡಿದ್ದೇನೆ' ಎಂಬುದನ್ನು ಪ್ರತ್ಯೇಕ ಕಾಲವೆಂದು ಎಣಿಸಲಿಲ್ಲ. ಎರಡು ಕ್ರಿಯೆಗಳ ಸಂಯೋಗವೆಂದು ಬಿಟ್ಟರು. ಇಟಾಲಿಯನ್ ವ್ಯಾಕರಣಕಾರರಾದರೋ 'ಒ ಪಾರ್ಲಾತೊ' ಎಂಬ ಎರಡು ಪದಗಳ ಸಂಯೋಗವನ್ನೂ ಒಂದು ಕಾಲವೆಂದೇ ಲೆಕ್ಕ ಹಾಕುತ್ತಾರೆ. ಅವರ ಎಂಟು ಕಾಲಗಳಲ್ಲಿ ನಾಲ್ಕು ಇಂತಹ ಸಂಯುಕ್ತಗಳು. ಅದೇ ಅಳತೆಗೋಲನ್ನು ಕನ್ನಡಕ್ಕೆ ಹಿಡಿದರೆ ಕನ್ನಡದ ಕಾಲಗಳು ಮೂರಲ್ಲ, ಹತ್ತಾದರೂ ಆದಾವು. ಕಾಲಗಳ ಸಂಖ್ಯೆಯಿಂದ ಭಾಷೆಯ ಸಿರಿತನವನ್ನು ಅಳೆಯುವ ಮಾತಿಗೆ ಇಷ್ಟೇ ಬೆಲೆ.

'ಕೀತಾನ್' ಮತ್ತು 'ಕೀತೋನಾ' ಇವುಗಳ ನಡುವಣ ವ್ಯತ್ಯಾಸ ಇನ್ನೊಂದು ಕಾರಣಕ್ಕೆ ವಿಚಾರಾರ್ಹ. ಎರಡರಲ್ಲೂ ಭೂತಸೂಚಕ ಒಂದೇ. ಭೇದವಿರುವುದು ಆಖ್ಯಾತ ಪ್ರತ್ಯಯದಲ್ಲಿ. ವರ್ತಮಾನದ 'ಕೀಯಾತೋನಾ' (ಮಾಡುತ್ತೇನೆ), 'ಕೀಯಾತೋನೀ' (ಮಾಡುತ್ತೀಯೆ), 'ಕೀಯಾತೋರ್' (ಮಾಡುತ್ತಾನೆ) ಎಂಬ ರೂಪಗಳಲ್ಲಿಯೂ ಈ ದೀರ್ಘ ಪ್ರತ್ಯಯಗಳೇ ಬರುತ್ತವೆ. 'ಮಾಡಿದವನು', 'ಮಾಡುವವನು' ಎಂಬ ಕೃದಂತ ನಾಮಗಳಿಗೆ ಪುರುಷಪ್ರತ್ಯಯ ಸೇರಿ ಹುಟ್ಟಿದ ರೂಪಗಳು ಇವಾಗಿರಬಹುದೆಂದು ಊಹಿಸಲು ಅವಕಾಶವಿದೆ. ಹಾಗಾದರೆ 'ಕೀತೋನಾ' ಎಂಬುದು 'ನಾನು ಮಾಡಿದವನು' ಎಂಬ ನಾಮವಾಕ್ಯವೊಂದು ಕಾಲಾಂತರದಲ್ಲಿ ಕ್ರಿಯಾಪದವಾಗಿ ಗಟ್ಟಿಗೊಂಡುದು. ಹೊಸ ಕಾಲಗಳು ಹುಟ್ಟುವುದು ಹೀಗೆಯೇ. ಹಳಗನ್ನಡದ ವರ್ತಮಾನದ 'ದಪ'ವನ್ನು ಭೂತದ 'ದ'ಕ್ಕೆ 'ಆಗು' ಧಾತುವಿನ 'ಅಪ್ಪ' ಸೇರಿ ಆದುದೆಂದು ವಿದ್ವಾಂಸರು ವಿವರಿಸಿದ್ದಾರೆ. ಆ 'ದಪ' ಮರೆಯಾಗಿ ಇಂದಿನ 'ಉತ್ತ' ಬಂದಿತು. ಲ್ಯಾಟಿನ್ನಿನ ಹಳೆಯ ಭವಿಷ್ಯದ್ರೂಪ ಅಳಿದ ಬಳಿಕ ಇಟಾಲಿಯನ್ ತನ್ನ 'ಪಾರ್ಲೆರೊ' (ಮಾತಾಡುವೆನು) ಎಂಬ ರೂಪವನ್ನು ಕಟ್ಟಿಕೊಂಡದ್ದು ಭಾವರೂಪಕ್ಕೆ 'ಹೊಂದಿರು' ಎಂಬರ್ಥದ ಸಹಾಯಕ ಕ್ರಿಯೆಯನ್ನು ಬೆಸೆದು. ಇಂದು 'ಕ್ರಮಬದ್ಧ' ಎನಿಸಿಕೊಳ್ಳುವ ಪ್ರತ್ಯಯ ನಿನ್ನೆಯ ಬಿಡಿ ಪದ.

ಗೋಂಡಿಯ ಪ್ರಥಮ ಪುರುಷದಲ್ಲಿ ಕನ್ನಡಿಗರ ಕುತೂಹಲ ಕೆರಳಿಸುವ ಒಂದು ಸಂಗತಿಯಿದೆ. 'ಅವನು' ಎಂಬುದಕ್ಕೆ ಉತ್ತರದ ಗೋಂಡರು 'ವೋರ್' ಎನ್ನುತ್ತಾರೆ; ಕ್ರಿಯೆಯಲ್ಲಿಯೂ 'ಕೀಯಾತೋರ್'. ಈ 'ರ'ಕಾರ ಕನ್ನಡದ 'ಅವರ್' ಎಂಬಲ್ಲಿನ ಬಹುವಚನದ 'ರ'ಕಾರವೇ. ಗೌರವಕ್ಕಾಗಿ ಬಳಸಿದ ಬಹುವಚನ ದಿನಬಳಕೆಯಲ್ಲಿ ಸವೆದು ಏಕವಚನವಾಯಿತು; ಆಗ ನಿಜವಾದ ಬಹುವಚನಕ್ಕೆ ಬೇರೆ ಗುರುತು ಬೇಕಾಗಿ ನಾಮಪದದ ಬಹುವಚನದ 'ಕ್' ಬಂದು ಸೇರಿ 'ವೋರ್ಕ್' (ಅವರು), 'ಕೀಯಾತೋರ್ಕ್' (ಮಾಡುತ್ತಾರೆ) ಎಂದಾಯಿತು. ಕನ್ನಡದ 'ಅವರುಗಳು' ಎಂಬ ಮಾತಿನಲ್ಲಿ ಇದೇ ವ್ಯಾಪಾರ ನಡೆದಿದೆ. ವ್ಯತ್ಯಾಸವೆಂದರೆ ಕನ್ನಡದಲ್ಲಿ ಅದು ಸರ್ವನಾಮದಲ್ಲೇ ನಿಂತಿತು, 'ಮಾಡುತ್ತಾರೆಗಳು' ಎಂದು ಯಾರೂ ಅನ್ನುವುದಿಲ್ಲ. ಗೋಂಡಿಯಲ್ಲಿ ಅದು ಕ್ರಿಯಾಪದದೊಳಕ್ಕೂ ನುಗ್ಗಿತು. ಮರ್ಯಾದೆಯ ಮಾತು ವ್ಯಾಕರಣವನ್ನು ತಿದ್ದುವುದು ಬೇರೆಡೆಯೂ ಉಂಟು. ಇಟಾಲಿಯನ್ನರು ಎದುರಿಗಿರುವವರನ್ನು ಗೌರವದಿಂದ ಕರೆಯುವಾಗ 'ಅವಳು' ಎಂಬರ್ಥದ 'ಲೇಯಿ'ಯನ್ನು ಬಳಸಿ ಕ್ರಿಯೆಯನ್ನು ಪ್ರಥಮ ಪುರುಷದಲ್ಲಿಡುತ್ತಾರೆ. ಇನ್ನು ಗೋಂಡಿಯಲ್ಲಿ ಸ್ತ್ರೀಗೆ ಪ್ರತ್ಯೇಕ ರೂಪವಿಲ್ಲ. ತೆಲುಗಿನ ಏಕವಚನದಲ್ಲಿರುವಂತೆ ಅವಳು ನಪುಂಸಕದೊಡನೆ ಸೇರಿ 'ಕೀಯಾತಾ' ಎನಿಸಿಕೊಳ್ಳುತ್ತಾಳೆ. ತೆಲುಗು ಬಹುವಚನದಲ್ಲಾದರೂ ಸ್ತ್ರೀಯರನ್ನು ಪುರುಷರ ಜೊತೆಗೆ ಸೇರಿಸುತ್ತದೆ. ಗೋಂಡಿಯಲ್ಲಿ ಆ ರಿಯಾಯಿತಿಯೂ ಇಲ್ಲ.

ನಿಷೇಧದ ವಿಷಯದಲ್ಲಿ ಕನ್ನಡ, ಗೋಂಡಿಗಳು ಬಹಳ ಸಮೀಪದವು. ಕನ್ನಡದ 'ಮಾಡೆನು, ಮಾಡನು' ಎಂಬಂತೆ ಕಾಲವನ್ನು ಹೇಳದೆ ನಿಷೇಧವನ್ನೂ ಪುರುಷವನ್ನೂ ಒಂದೇ ಪದದಲ್ಲಿ ಹೇಳುವ ರೂಪಾವಳಿ ಗೋಂಡಿಯಲ್ಲಿದೆ. 'ಇಲ್ಲ' ಎಂಬುದಕ್ಕೆ ಸಮನಾದ 'ಹಿಲ್ಲೇ' ಎಂಬ ಪದವೂ ಇದೆ. ಲ್ಯಾಟಿನ್ ಅಚ್ಚಿನಲ್ಲಿ ಇಂತಹ ನಿಷೇಧಕ್ಕೆ ಮನೆಯೇ ಇಲ್ಲ. 'ನೊನ್' ಎಂಬ ಅವ್ಯಯವನ್ನು ಕ್ರಿಯೆಯ ಹಿಂದೆ ಇಟ್ಟರೆ ಇಟಾಲಿಯನ್ನನ ಕೆಲಸ ಮುಗಿಯಿತು. ಕೋಷ್ಟಕವು ತನ್ನಲ್ಲಿಲ್ಲದ್ದನ್ನು ಕಾಣಿಸಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕ್ರಮಬದ್ಧತೆಯ ಪ್ರಶ್ನೆ ಇನ್ನೂ ಉಳಿದಿದೆ. ಗೋಂಡಿಯ 'ಮಂದಾನಾ' (ಇರು), 'ಹಂದಾನಾ' (ಹೋಗು) ಎಂಬ ಕ್ರಿಯೆಗಳ ಭೂತರೂಪಗಳು 'ಮತ್ತಾನ್', 'ಹತ್ತಾನ್'. ಮೊದಲ ನೋಟಕ್ಕೆ ಅನಿಯತವೆನಿಸಿದರೂ ಧಾತುವಿನ ಅನುನಾಸಿಕವು ಭೂತದ 'ತ'ಕಾರದೊಡನೆ ಬೆರೆತುಹೋದ ಸಂಧಿಕಾರ್ಯವಷ್ಟೇ ಇಲ್ಲಿ ನಡೆದಿರುವುದು. ಕನ್ನಡದ ನಿಲ್–ನಿಂದ, ಕೊಲ್–ಕೊಂದ, ಕಾಣ್–ಕಂಡ ಎಂಬ ರೂಪಗಳ ಹಿಂದೆಯೂ ಇಂತಹ ಸಂಧಿಯೇ ಇದೆ. 'ಮಂದಾನಾ'ದ ಧಾತು ಕನ್ನಡದ 'ಮನೆ' ಎಂಬ ಪದದಲ್ಲಿ ಅಡಗಿದೆ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಕನ್ನಡಕ್ಕೆ ಇರುವ ತಾಣವಾಗಿ ಉಳಿದದ್ದು ಗೋಂಡಿಗೆ ಇರುವ ಕ್ರಿಯೆಯಾಗಿ ಉಳಿದಿದೆ. ನಿಜವಾದ ಅನಿಯತ ಕ್ರಿಯೆ 'ವಾಯಾನಾ' (ಬರು): ಭೂತದಲ್ಲಿ 'ವಾತಾನ್', ವಿಧಿಯಲ್ಲಿ 'ವರಾ'. ಕನ್ನಡದಲ್ಲಿ ಬಾ, ಬರು, ಬಂದ ಎಂಬ ಏರುಪೇರು ಯಾವ ಮೂಲದ್ದೋ ಇದೂ ಅದೇ ಮೂಲದ್ದು.

ಇಷ್ಟರವರೆಗೆ 'ಗೋಂಡಿಯಲ್ಲಿ' ಎಂದು ಹೇಳಿದುದೆಲ್ಲ ಮುಖ್ಯವಾಗಿ ಉತ್ತರದ ಗೋಂಡಿಯನ್ನು ಕುರಿತದ್ದು. ಗೋಂಡಿಗೆ ಏಕರೂಪವಾದ ಶಿಷ್ಟ ಭಾಷೆ ಇಲ್ಲ. ಕನ್ನಡದ 'ಉಪ್ಪು' ಪದದ ಸಜ್ಞಾತಿ ಗೋಂಡಿಯ ಒಂದು ಭಾಗದಲ್ಲಿ 'ಸೋವರ್', ಇನ್ನೊಂದರಲ್ಲಿ 'ಹೋವರ್', ಮತ್ತೊಂದರಲ್ಲಿ 'ಓವರ್'. 'ಸಾಯ್' ಧಾತು 'ಸಾಯಾನಾ' ಎಂದೂ 'ಹಾಯಾನಾ' ಎಂದೂ ಕೇಳಬರುತ್ತದೆ. 'ಹಿಲ್ಲೇ' ಎಂಬುದು 'ಸಿಲ್ಲೇ', 'ಇಲ್ಲೇ' ಎಂದೂ ಆಗುತ್ತದೆ. ಪ್ರಥಮ ಪುರುಷದ ಪ್ರತ್ಯಯಗಳು, ವರ್ತಮಾನದ ರಚನೆ, ಆಲಿಸುವವರನ್ನು ಒಳಗೊಳ್ಳುವ 'ನಾವು' ಹಾಗೂ ಒಳಗೊಳ್ಳದ 'ನಾವು' ಇವುಗಳಿಗೆ ಬೇರೆಬೇರೆ ಪ್ರತ್ಯಯ ಬಳಸುವ ಕ್ರಮ, ಇವೆಲ್ಲವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತವೆ. 1960ರಲ್ಲಿ ಬರೋ ಮತ್ತು ಭಟ್ಟಾಚಾರ್ಯ ಅವರು ಗೋಂಡಿ ಉಪಭಾಷೆಗಳ ತೌಲನಿಕ ಶಬ್ದಕೋಶವನ್ನು ಪ್ರಕಟಿಸಿದಾಗ ಈ ವೈವಿಧ್ಯ ಒಟ್ಟಿಗೆ ಕಣ್ಣಿಗೆ ಬಿದ್ದಿತು. ಆದರೆ ಅದು ಶಬ್ದಗಳ ಮಟ್ಟಿಗೆ.

ಇದು ಕೇವಲ ಪಂಡಿತರ ಪ್ರಶ್ನೆಯಾಗಿ ಉಳಿದಿಲ್ಲ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಗೋಂಡಿಗೆ ಸ್ಥಾನವಿಲ್ಲ. ಆ ಸ್ಥಾನದ ಬೇಡಿಕೆಯೊಡನೆ ಶಿಷ್ಟ ಗೋಂಡಿ ಯಾವುದು ಎಂಬ ಮಾತೂ ಏಳುತ್ತದೆ. ಹಲವು ರಾಜ್ಯಗಳ ಗೋಂಡಿ ಭಾಷಿಕರು ಕಲೆತು ಸಿದ್ಧಪಡಿಸಿದ ನಿಘಂಟು 2018ರಲ್ಲಿ ಹೊರಬಂದುದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಎಂಬುದು ಕನ್ನಡ ವಿಭಾಗಗಳು ನೆನಪಿಡಬೇಕಾದ ಸಂಗತಿ. ನಿಘಂಟು ಉದಾರವಾದ ಗ್ರಂಥ. ಅದರಲ್ಲಿ 'ಸೋವರ್, ಹೋವರ್, ಓವರ್' ಮೂರನ್ನೂ ಒಂದೇ ಸಾಲಿನಲ್ಲಿಟ್ಟು ಮೂವರನ್ನೂ ಸಮಾಧಾನಪಡಿಸಬಹುದು. ಕ್ರಿಯಾಪದದ ರೂಪಾವಳಿಗೆ ಆ ಔದಾರ್ಯ ಕಷ್ಟ. ಪಠ್ಯಪುಸ್ತಕದ ಒಂದು ವಾಕ್ಯ ಮುಗಿಯಬೇಕಾದರೆ ಯಾವುದಾದರೂ ಒಂದು ಆಖ್ಯಾತ ಪ್ರತ್ಯಯವನ್ನು ಆರಿಸಲೇಬೇಕು; ಆರಿಸದೆ ಉಳಿದ ಪ್ರತ್ಯಯದವರ ಮಕ್ಕಳಿಗೆ ಆ ವಾಕ್ಯ ಪಕ್ಕದೂರಿನದಾಗುತ್ತದೆ. 2019ರಲ್ಲಿ ಗಡಚಿರೋಲಿ ಜಿಲ್ಲೆಯ ಮೋಹಗಾಂವದಲ್ಲಿ ಗ್ರಾಮಸಭೆಯೇ ಗೋಂಡಿ ಮಾಧ್ಯಮದ ಶಾಲೆಯನ್ನು ತೆರೆಯಿತು. ಅಲ್ಲಿಯ ಮಗುವಿಗೆ ಬೇತೂಲಿನ ಟ್ರೆಂಚ್ ಕೋಷ್ಟಕವನ್ನು ಕೊಟ್ಟು 'ಇದೇ ಕ್ರಮಬದ್ಧ ರೂಪ' ಎಂದರೆ, ಆ ಮಗು ಮನೆಯಲ್ಲಿ ಆಡುವ ರೂಪ ಅಕ್ರಮವಾಗಿಬಿಡುತ್ತದೆ. ಇಟಲಿಯಲ್ಲಿಯೂ ಫ್ಲಾರೆನ್ಸಿನ ನುಡಿಯನ್ನು ಆಧರಿಸಿದ ಸಾಹಿತ್ಯಭಾಷೆ ದೇಶದ ಶಾಲಾಭಾಷೆಯಾದಾಗ ಉತ್ತರದವರೂ ಸಿಸಿಲಿಯವರೂ ತಮ್ಮ ಮನೆಮಾತಿನದಲ್ಲದ ರೂಪಗಳನ್ನು ಶಾಲೆಯಲ್ಲಿ ಕಲಿತರು. ಅಲ್ಲಿ ಆ ಆಯ್ಕೆಯ ಹಿಂದೆ ಹಲವು ಶತಮಾನಗಳ ಸಾಹಿತ್ಯದ ಬಲವಿತ್ತು. ಗೋಂಡಿಯಲ್ಲಿ ಬೇತೂಲಿನ ರೂಪಕ್ಕೆ ಗಡಚಿರೋಲಿಯ ರೂಪಕ್ಕಿಂತ ಹೆಚ್ಚಿನ ಬಲವೇನೂ ಇಲ್ಲ; ಅದು ಮೊದಲು ಅಚ್ಚಾಯಿತು, ಅಷ್ಟೆ.

ಆದುದರಿಂದ ಮೊದಲು ಆಗಬೇಕಾದ ಕೆಲಸ ಆಯ್ಕೆಯಲ್ಲ, ಸಂಗ್ರಹ. ಹಿಸ್ಲಾಪನ ಹಾಡಿನಲ್ಲಿ ಬರುವ ಪ್ರತಿಯೊಂದು ಕ್ರಿಯಾರೂಪವನ್ನೂ ಬಿಡಿಸಿ, ಕೊನೊ, ಟ್ರೆಂಚ್, ಸುಬ್ರಹ್ಮಣ್ಯಂ ಅವರ ರೂಪಗಳ ಪಕ್ಕದಲ್ಲಿಟ್ಟು, ಅವಕ್ಕೆ ಎದುರಾಗಿ ಇಂದಿನ ಛಿಂದ್ವಾಡಾ, ಯವತಮಾಳ, ಚಂದ್ರಪುರ, ಗಡಚಿರೋಲಿಗಳ ಆಡುಮಾತಿನ ರೂಪಗಳನ್ನು ತುಂಬಬೇಕು. ಕಾಲಗಳ ಹೆಸರುಗಳನ್ನು ಲ್ಯಾಟಿನ್ನಿನಿಂದ ತರುವ ಬದಲು ರೂಪಗಳಿಂದಲೇ ತೆಗೆಯಬೇಕು: 'ತ' ರೂಪ, 'ಕ' ರೂಪ, 'ಂದ' ರೂಪ, ನಿಷೇಧ ರೂಪ ಎಂದು. ಕಾಲಗಳನ್ನು 'ದ, ದಪ, ವ' ಎಂದು ಪ್ರತ್ಯಯದ ಹೆಸರಿನಿಂದಲೇ ಕರೆದ ಕೇಶಿರಾಜನ ಓದುಗರಿಗೆ ಈ ಪದ್ಧತಿ ಅಪರಿಚಿತವಲ್ಲ. ಯವತಮಾಳದ ಅಂಕಣವನ್ನು ತುಂಬಲು ಹೊರಡುವ ವಿದ್ಯಾರ್ಥಿಯು ಮೊದಲು ಕೇಳಬೇಕಾದ ಕ್ರಿಯೆಗಳು ಐದಾರು ಮಾತ್ರ: ಮಾಡು, ಇರು, ಬರು, ಹೋಗು, ತಿನ್ನು, ಸಾಯು. ಪ್ರಥಮ ಪುರುಷದ ಬಹುವಚನವನ್ನು ಗಂಡಸರಿಗೊಮ್ಮೆ, ಹೆಂಗಸರಿಗೊಮ್ಮೆ ಬೇರೆಯಾಗಿ ಕೇಳಲು ಮರೆಯಬಾರದು.